ಚುಕ್ಕಿಯ ನಂತರ

ಜನವರಿ 14. ಮಳೆ: ಇಲ್ಲ.

ಮೊದಲು ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ. ಮೂರು ಸಾಲು ಬರೆದು ಓದಿಕೊಂಡರೆ ಯಾರೋ ಅಧಿಕಾರಿಗೆ ಕೊಟ್ಟ ವಿವರಣೆಯ ಹಾಗಿತ್ತು. ಅದು ನಾನು ಓದಿದ ಭಾಷೆ. ಅದರಲ್ಲಿ ನನಗೆ ಸಮರ್ಥನೆಗಳು ತಾವಾಗಿಯೇ ಬರುತ್ತವೆ. ಕನ್ನಡದಲ್ಲಿ ನಾನು ನಿಧಾನ. ಸುಳ್ಳೊಂದು ಬರುತ್ತಿದ್ದರೆ ಬರೆಯುವ ಮೊದಲೇ ಗೊತ್ತಾಗುತ್ತದೆ. ಆದ್ದರಿಂದ ಇದು ಕನ್ನಡದಲ್ಲಿ.

ಸಂಗತಿ ಇಷ್ಟೇ: 'ಸೆಂಟು' ನಿಂತುಹೋಗಿದೆ.

ಮೊದಲಿನಿಂದ ಬರೆದರೆ ನನಗೇ ಸ್ಪಷ್ಟವಾದೀತು. ನಮ್ಮ ಸೀಮೆಯಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತೇವೆ. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟು. ಗುಡ್ಡದ ಈಚೆ ಹೊಯ್ದರೆ ಆಚೆ ಧೂಳು ಏಳುತ್ತಿರುತ್ತದೆ. ಹಾಗಾಗಿ ಮಳೆ ಅಳೆಯುವ ಗೇಜು ಇರುವ ಕಾಫಿ ತೋಟದವರು ಬೆಳಿಗ್ಗೆ ಅಳತೆ ನೋಡಿ ಒಂದು ನಂಬರಿಗೆ ಮೆಸೇಜ್ ಮಾಡುತ್ತಾರೆ. ನಾನು ಬರೆದ ಪ್ರೋಗ್ರಾಂ ಅದನ್ನು ಆ ಸುತ್ತಿನ ಎಲ್ಲರ ಫೋನಿಗೂ ಕಳಿಸುತ್ತದೆ. ಅದೇ ಸೆಂಟು. ಅದರ ಕೋಡ್ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಕೊಡಗಿನಲ್ಲಿ, ವಯನಾಡಿನಲ್ಲಿ ತಮ್ಮ ಊರಿಗೆ ಹೊಂದಿಸಿಕೊಂಡವರಿದ್ದಾರೆ. ತಿದ್ದಿದ್ದನ್ನು ನಮಗೂ ಕೊಟ್ಟಿದ್ದಾರೆ. ನಡೆಸಿಕೊಂಡು ಹೋಗುವವರು ಮೂವರು: ಹೆತ್ತೂರಿನ ಹತ್ತಿರದ ಈ ಮನೆಯಿಂದ ನಾನು, ಹಾಸನದಲ್ಲಿ ಕಾಲೇಜು ಪಾಠ ಮಾಡುವ ಮಾನಸಾ, ಕೆ. ಹೊಸಕೋಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಪ್ರವೀಣ್.

ಪ್ರೋಗ್ರಾಂನಲ್ಲಿ 'ವಾಡಿಕೆ' ಎಂಬ ಭಾಗವೊಂದಿದೆ. ನಾನು ಬರೆದುದರಲ್ಲೆಲ್ಲ ಅತ್ಯಂತ ಕುರೂಪವಾದದ್ದು. ಜನ ಅಳತೆಯನ್ನು ಒಂದೇ ಥರ ಬರೆಯುವುದಿಲ್ಲ, ಅದಕ್ಕೆ. ಹೊಂಗಡಹಳ್ಳದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಂಚಯ್ಯನವರಿಗೆ ಚುಕ್ಕಿ ಎಂದರೆ ದಶಾಂಶವಲ್ಲ. ಇಂಚು ಮುಗಿದು ಸೆಂಟು ಶುರುವಾಗುವ ಜಾಗ. ಒಂಬತ್ತು ಸೆಂಟಿಗೆ 0.9 ಎಂದು ಬರೆಯುತ್ತಾರೆ, ತೊಂಬತ್ತಕ್ಕೆ 0.90. ಶಾಲೆಯ ಗಣಿತದಲ್ಲಿ ಎರಡೂ ಒಂದೇ. ತೋಟದಲ್ಲಿ ಒಂದು ಧೂಳು ಅಡಗಿಸುವ ಹನಿ, ಇನ್ನೊಂದು ಹೂ ಬಿಡಿಸುವ ಮಳೆ. ಬೇರೊಬ್ಬರು ಮಳೆ ಇಲ್ಲದ ದಿನ ಮೆಸೇಜೇ ಕಳಿಸುವುದಿಲ್ಲ. ಮತ್ತೊಬ್ಬರು ಭಾನುವಾರದ್ದನ್ನು ಸೋಮವಾರಕ್ಕೆ ಸೇರಿಸಿಬಿಡುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಸಾಲು ಬರೆದು, ಅವರ ಕೈಬರಹಕ್ಕೆ ಪ್ರೋಗ್ರಾಂ ಅನ್ನು ಬಗ್ಗಿಸಿದ್ದೇನೆ. ಮಾನಸಾ ಅದನ್ನು 'ನಿಮ್ಮ ನೆಂಟರ ಪಟ್ಟಿ' ಎಂದು ಹಾಸ್ಯ ಮಾಡುತ್ತಾಳೆ.

ನಿಂತದ್ದು ಯಾಕೆಂದರೆ, ಗುಂಪಿಗೆ ಮೆಸೇಜ್ ಕಳಿಸುವವರು ನೋಂದಾಯಿತ ಸಂಸ್ಥೆಯಾಗಿರಬೇಕಂತೆ. ನಾವು ಏನೂ ಅಲ್ಲ. 'ಸಂಸ್ಥೆಯ ಹೆಸರು' ಎಂಬ ಖಾಲಿ ಜಾಗದಲ್ಲಿ 'ನಾವೇ' ಎಂದು ಬರೆಯಲು ಬರುವುದಿಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಈಗ ಮೊಬೈಲ್ ಕಂಪನಿಯವರು ಕೇಳಿದ್ದಾರೆ.

ಜನವರಿ 19. ಮಳೆ: ಇಲ್ಲ.

ವಾಟ್ಸಾಪ್ ಗುಂಪು ಮಾಡಿ ನೋಡಿದೆವು. ಶುಭೋದಯದ ಗುಲಾಬಿಗಳ ನಡುವೆ ಮಳೆ ಎಲ್ಲಿದೆ ಎಂದು ಹುಡುಕಬೇಕು. ಅಲ್ಲದೆ ಅರ್ಧ ಜನರದ್ದು ಕೀಪ್ಯಾಡ್ ಫೋನು.

ಸಂಘ ನೋಂದಾಯಿಸೋಣ ಎನ್ನುತ್ತಾಳೆ ಮಾನಸಾ. ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಎಂದು ಗುಂಪಿನಲ್ಲಿ ಕೇಳಿದೆ. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ಅದು ಒಪ್ಪಿಗೆಯೋ ಕ್ಷಮೆಯೋ ತಿಳಿಯಲಿಲ್ಲ.

ಜನವರಿ 23. ಮಳೆ: ಇಲ್ಲ.

ಪ್ರವೀಣ್ ಬೈಕಿನಲ್ಲಿ ಬಂದ. ಬಾಗಿಲಲ್ಲೇ ನಿಂತು, "ನೇತ್ರಕ್ಕ, ಒಂದ್ ಮಾತ್ ಹೇಳ್ತೀನಿ, ಬೈಬಾರ್ದು" ಎಂದ.

"ಬೈಯೋ ಅಂಥದ್ದಾದ್ರೆ ಮೊದ್ಲು ಕಾಫಿ ಕುಡಿದುಬುಡಪ್ಪ, ಆಮೇಲೆ ಸಿಕ್ಕಾಕಿಲ್ಲ" ಎಂದರು ಅಮ್ಮ ಒಳಗಿನಿಂದ.

ಬೆಳೆಗಾರರಿಗೆ ಸಲಹೆ ಮಾರುವ ಒಂದು ಕಂಪನಿ ಅವನನ್ನು ಹುಡುಕಿಕೊಂಡು ಬಂದಿತ್ತಂತೆ. ಅವರಿಗೆ ನೋಂದಣಿ ಇದೆ, ಸರ್ವರ್ ಇದೆ. ಮೆಸೇಜ್‌ಗಳನ್ನು ಅವರೇ ಕಳಿಸುತ್ತಾರೆ, ಯಾರೂ ಏನೂ ಕೊಡಬೇಕಾಗಿಲ್ಲ. ಬದಲಿಗೆ ಅವರಿಗೆ ಸೆಂಟಿನ ಹೆಸರು, ನಂಬರು, ಜನರ ಫೋನ್ ಪಟ್ಟಿ ಬೇಕು. ಮುಂದಿನ ಕೋಡ್ ಅವರ ಒಳಗೇ ಇರುತ್ತದೆ.

"ಹಳೇದು ತೆರೆದೇ ಇರ್ತದಂತೆ ಕಣಕ್ಕ. ಹೊಸದಷ್ಟೇ ಅವ್ರದ್ದು."

"ಹೊಸದು ಅಂದರೆ ಯಾವಾಗಿನಿಂದ ಹೊಸದು?"

"ಸೈನ್ ಹಾಕಿದ್ ಮಾರನೇ ದಿನದಿಂದ."

ನಾನು ಬೈಯಲಿಲ್ಲ. ಬೈಯಲು ಏನಿದೆ? ಸೆಂಟಿಗೆ ಹಾಕಿದ ಲೈಸೆನ್ಸ್ ನಾನೇ ಆರಿಸಿದ್ದು. ಯಾರು ಬೇಕಾದರೂ ತೆಗೆದುಕೊಂಡು, ತಮ್ಮದನ್ನು ಸೇರಿಸಿ, ಬಾಗಿಲು ಹಾಕಿಕೊಳ್ಳಬಹುದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಆಗ ಅದು ಉದಾರತೆ ಅನ್ನಿಸಿತ್ತು.

"ಬೆಳಗಾದ್ರೆ ಅಂಗಡಿಗೆ ಬಂದು ನನ್ನೇ ಕೇಳ್ತಾರೆ, ಮೆಸೇಜ್ ಯಾಕ್ ಬರ್ತಿಲ್ಲ ಅಂತ" ಎಂದ ಪ್ರವೀಣ್. "ಮಾನಸಾ ಮೇಡಮ್ನೋರ್ನ ಯಾರೂ ಕೇಳಲ್ಲ. ಅವ್ರು ಹಾಸನ್ದಾಗ್ ಕೂತು ಸ್ವಾತಂತ್ರ್ಯ ಅಂತಾರೆ. ನನ್ ಕೌಂಟರ್ ಮುಂದೆ ನಿಂತ್ಕಂಡು ಒಂದ್ ದಿನ ಹೇಳ್ಲಿ ನೋಡಾನ."

ಫೆಬ್ರವರಿ 1. ಮಳೆ: ಇಲ್ಲ. ಮೋಡ.

ಮಾನಸಾ ಜೊತೆ ಬಹಳ ಹೊತ್ತು ಮಾತು. ಅವಳು ಕೂಗಾಡುವುದಿಲ್ಲ, ಅದೇ ಕಷ್ಟ.

"ಇವತ್ತೇ ಲೈಸೆನ್ಸ್ ಬದಲಾಯಿಸಿ ಅಕ್ಕ. ತಗೊಂಡವರು ತಾವು ತಿದ್ದಿದ್ದನ್ನೂ ತೆರೆದೇ ಇಡಬೇಕು ಅಂತ ಹಾಕಿ. ಎಲ್ಲರ ಒಪ್ಪಿಗೆ ನಾನು ತರ್ತೀನಿ. ಆಮೇಲೆ ಬೇಕಾದರೆ ಅವರು ಮಾತಾಡಲಿ."

"ಆಮೇಲೆ ಅವರು ಮಾತೇ ಆಡುವುದಿಲ್ಲ."

"ಅದೇ ಉತ್ತರ ಅಲ್ವ ಅಕ್ಕ?"

ಕಾಫಿ ಹೂ ಬಿಡಿಸುವ ಹೂಮಳೆ ಹತ್ತಿರ ಬರುತ್ತಿದೆ, ಈ ವರ್ಷ ಹೇಗಾದರೂ ದಾಟಲಿ, ಮುಂದಿನ ವರ್ಷ ನೋಡೋಣ ಎಂದೆ.

"ಮುಂದಿನ ವರ್ಷ ನೋಡೋಕೆ ನಮ್ಮ ಹತ್ರ ಏನಿರುತ್ತೆ?"

ಮಾನಸಾ ಹೇಳುವುದು ಸರಿ. ಆದರೆ ಮಾನಸಾಗೆ ತೋಟವಿಲ್ಲ.

ಇದನ್ನು ಬರೆದ ಮೇಲೆ ನಾಚಿಕೆಯಾಯಿತು. ತೋಟವಿಲ್ಲದವರ ಮಾತು ಸರಿಯಾಗಿರಬಾರದೇ? ಒಂದು ವಿಚಾರಕ್ಕೆ ಉತ್ತರ ಸಿಗದಿದ್ದಾಗ ಆ ವಿಚಾರ ಹೇಳಿದವರ ಸ್ಥಿತಿಗತಿ ನೋಡುವುದು ನನ್ನ ಹಳೆಯ ಅಭ್ಯಾಸ.

ಫೆಬ್ರವರಿ 9. ಮಳೆ: ಇಲ್ಲ.

ಸಕಲೇಶಪುರಕ್ಕೆ ಹೋಗಿದ್ದೆ. ಅಖ್ತರುನ್ನೀಸಾ ಅವರ ಮನೆಗೂ ಹೋದೆ. ಹೋಗದೇ ಇರಬಹುದಿತ್ತು. ಯಾರಾದರೂ ನನ್ನನ್ನು ಒಂದು ಕಡೆಗೆ ತಳ್ಳಲಿ ಎಂದೇ ಹೋದೆನೇನೋ.

ಗಂಡ ತೀರಿಕೊಂಡ ಮೇಲೆ ಹೊಂಗಡಹಳ್ಳದ ಹತ್ತಿರ ಅವರಿಗೆ ಉಳಿದಿರುವುದು ಎರಡು ಎಕರೆ ರೋಬಸ್ಟಾ ಕಾಫಿ. ಮನೆ ಊರಿನಲ್ಲಿ, ತೋಟ ಅಲ್ಲಿ. ಮಂಡಿನೋವು, ಬಸ್ ಹತ್ತುವುದು ಕಷ್ಟ. ಅವರ ಬೇಲಿಯಾಚೆಯೇ ಕೆಂಚಯ್ಯನವರು ಕೆಲಸ ಮಾಡುವ ಎಸ್ಟೇಟು. ಅಲ್ಲಿನ ಗೇಜೇ ಇವರಿಗೂ ಗೇಜು.

"ಬನ್ನಿ ನೇತ್ರಮ್ಮ, ಬನ್ನಿ. ಮೆಸೇಜು ಯಾಕ್ರೀ ನಿಲ್ಸಿಬಿಟ್ರಿ? ನಾನೇನಾದ್ರೂ ತಪ್ಪು ಮಾಡಿದ್ನಾ ಅಂದ್ಕೊಂಡೆ."

ಕೆಳಗಿನ ಕೆರೆಯಿಂದ ನೀರೆತ್ತುವ ಪಂಪು, ಸ್ಪ್ರಿಂಕ್ಲರ್ ಸೆಟ್ಟು ಐದಾರು ಮನೆಗೆ ಸೇರಿ ಒಂದೇ. ಸರದಿಯ ಮೇಲೆ ಹೋಗುತ್ತದೆ. ಇವರ ಸರದಿ ಮಾರ್ಚ್ ನಡುವಿನಲ್ಲಿ ಬಿದ್ದಿದೆ. ಅಷ್ಟರೊಳಗೆ ಒಳ್ಳೆಯ ಮಳೆ ಬಂದರೆ ಸರದಿಯನ್ನು ಕೆರೆಯಾಚೆಯ ಗುಡ್ಡದಲ್ಲಿರುವ ಪಕ್ಕದವರಿಗೆ ಬಿಟ್ಟುಕೊಡಬೇಕು. ನೀರು ಇರುವುದೇ ಅಷ್ಟು. ಬರದಿದ್ದರೆ ತಾವೇ ಹೊಡೆಸಿಕೊಳ್ಳಬೇಕು. ತಪ್ಪಿದರೆ ಮೊಗ್ಗು ಕೆಂಪಾಗಿ ಒಣಗುತ್ತದೆ, ಆ ವರ್ಷ ಮುಗಿಯಿತು.

"ಪಕ್ಕದೋರ್ನ ಕೇಳಿದ್ರೆ ಭರ್ಜರಿ ಮಳೆ ಅಂತಾರೆ, ಸರದಿ ಬಿಟ್ಕೊಡ್ಲಿ ಅಂತ" ಎಂದು ನಕ್ಕರು. "ಅವ್ರೂ ಒಳ್ಳೇರೇ ಕಣ್ರೀ, ನೀರಿನ ವಿಷ್ಯದಲ್ಲಿ ಮಾತ್ರ ಅಲ್ಲ. ನಿಮ್ಮ ಹೆಸ್ರು ಕೆಳಗಿದ್ರೆ ನಾನು ಇನ್ಯಾರನ್ನೂ ಕೇಳಲ್ಲ."

ಪ್ರತಿ ಮೆಸೇಜಿನ ಕೊನೆಯಲ್ಲಿ 'ಇಂತಿ, ನೇತ್ರಾವತಿ' ಎಂದಿರುತ್ತದೆ. ಸಹಿ ಇಲ್ಲದ ಸುದ್ದಿ ಮೂಗರ್ಜಿಗೆ ಸಮ ಎಂದು ಅಮ್ಮ ಹೇಳಿದ್ದಕ್ಕೆ ಸೇರಿಸಿದ್ದು.

ತಳ್ಳಿಸಿಕೊಂಡು ಬಂದೆ.

ಫೆಬ್ರವರಿ 15. ಮಳೆ: ಇಲ್ಲ.

ಸಹಿ ಹಾಕಿದೆ.

ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಪ್ಪಂದದ ವಿವರ ಹೊರಗೆ ಹೇಳಬಾರದು ಎಂಬುದು ಒಂದು ಷರತ್ತು. ದಿನಚರಿ ಹೊರಗೋ ಒಳಗೋ ಗೊತ್ತಿಲ್ಲ. ಬರೆಯದಿರುವುದೇ ಸುರಕ್ಷಿತ. ಮೂರು ವರ್ಷ ಇಂಥದ್ದೇ ಇನ್ನೊಂದು ಸೇವೆಯನ್ನು ನಾನು ನಡೆಸುವಂತಿಲ್ಲ ಎಂದೂ ಇದೆ. ನಡೆಸುವ ಯೋಚನೆ ನನಗೆಲ್ಲಿದೆ? ಆದ್ದರಿಂದ ಅದು ದೊಡ್ಡ ವಿಷಯವಲ್ಲ.

ಮಾನಸಾಗೆ ತಿಳಿಸಿದೆ. "ಸರಿ ಅಕ್ಕ" ಎಂದಷ್ಟೇ ಉತ್ತರ ಬಂತು.

ಫೆಬ್ರವರಿ 21. ಮಳೆ: ಇಲ್ಲ.

ಇಂದು ವಿಡಿಯೊ ಮೀಟಿಂಗ್. ಕಂಪನಿಯ ಅಭಿಷೇಕ್ ತುಂಬ ಸಭ್ಯ. ಎರಡು ಮಾತಿಗೊಮ್ಮೆ 'ಮ್ಯಾಮ್'. ನಾನು ಅಹಂಕಾರದ ಜನರನ್ನು ನಿರೀಕ್ಷಿಸಿದ್ದೆ. ಅಹಂಕಾರಿಗಳಾಗಿದ್ದರೆ ಸುಲಭವಾಗುತ್ತಿತ್ತು.

ಸೆಂಟು ಇನ್ನು ಮೇಲೆ ಮಿಲಿಮೀಟರ್‌ನಲ್ಲಿ ಹೇಳುತ್ತದೆ, ಕೆಳಗೆ ಇಂಚೂ ಇರುತ್ತದೆ. ಅದು ಎಲ್ಲ ಕಡೆ ನಡೆಯುವ ಅಳತೆ, ಒಪ್ಪಿದೆ. ಮೆಸೇಜು ಚಿಕ್ಕದಾಗುತ್ತದೆ, ಒಪ್ಪಿದೆ. ಕೋಡ್‌ನಲ್ಲಿ ವ್ಯಕ್ತಿಗಳ ಹೆಸರು, ನಂಬರು ನೇರವಾಗಿ ಇರುವ ಭಾಗಗಳನ್ನು ತೆಗೆಯಬೇಕೆಂದರು, ಖಾಸಗಿತನದ ಪ್ರಶ್ನೆ. ಅದು ನ್ಯಾಯವೇ, ಒಪ್ಪಿದೆ. ಕೊನೆಗೆ, "ಎಲ್ಲ ಬದಲಾದರೂ ನಿಮ್ಮ ಹೆಸರಿನ ಸಾಲು ಮಾತ್ರ ಹಾಗೇ ಇರಲಿ ಮ್ಯಾಮ್, ಜನ ನಂಬೋದು ಅದನ್ನೇ" ಎಂದರು.

ಸ್ವಲ್ಪ ಹೆಮ್ಮೆಯಾಯಿತು. ಬರೆದಿಡುತ್ತೇನೆ.

ಮಾನಸಾ ಗುಂಪಿನಿಂದ ಹೊರಗೆ ಹೋಗಿದ್ದಾಳೆ. ಜಗಳವಿಲ್ಲ, ಪತ್ರವಿಲ್ಲ. ಪಟ್ಟಿಯಲ್ಲಿ ಅವಳ ಹೆಸರಿದ್ದ ಕಡೆ ಇನ್ನೊಬ್ಬರ ಹೆಸರು ಮೇಲೆ ಬಂದಿದೆ.

ಫೆಬ್ರವರಿ 28. ಮಳೆ: ಇಲ್ಲ.

ಮೆಸೇಜ್ ಮತ್ತೆ ಶುರು! ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್. ಅಖ್ತರುನ್ನೀಸಾ ಅವರಿಗೆ ಅಳುವೇ ಬಂದಿತ್ತು. ಪ್ರವೀಣ್ ಅಂಗಡಿಯಲ್ಲಿ ಬಂದವರಿಗೆಲ್ಲ ಟೀ ಕೊಡಿಸಿದನಂತೆ; ಅವನೀಗ ಕಂಪನಿಯ 'ಕ್ಷೇತ್ರ ಸಂಯೋಜಕ'. ನಾನು ಮಾಡಿದ್ದು ಸರಿ ಎಂದು ಇವತ್ತು ಅನ್ನಿಸುತ್ತಿದೆ. ಇವತ್ತು ಅನ್ನಿಸಲಿ.

ಮಾರ್ಚ್ 7. ಮಳೆ: 1.0 ಮಿ.ಮೀ.

ವರ್ಷದ ಮೊದಲ ಹನಿ. ಬಳಕೆದಾರರ ಸಂಖ್ಯೆ ಏರುತ್ತಿದೆ ಎಂದು ಅಭಿಷೇಕ್ ನಕ್ಷೆ ಕಳಿಸಿದ್ದಾರೆ. ಆಲೂರು ಕಡೆಯಿಂದಲೂ ಹೊಸ ಬಳಕೆದಾರರು.

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ, ಒಂದು ಮಿಲಿಮೀಟರ್ ಬಂದಿದೆ ಎಂದು.

"ಅದೇನೇ ಅದು, ಔಷಧಿ ಕುಡಿಸ್ದಂಗೆ? ನಾಲ್ಕ್ ಸೆಂಟು ಅಂತ ಹೇಳಕ್ಕೆ ಬಾಯಿ ನೋಯ್ತದಾ?"

ಅಮ್ಮನಿಗೆ ಹೊಸದು ಯಾವುದೂ ಸೇರುವುದಿಲ್ಲ.

ಮಾರ್ಚ್ 12. ಮಳೆ: ನಮ್ಮಲ್ಲಿ ಇಲ್ಲ.

ರಾತ್ರಿ ಬಿಸಿಲೆಯ ದಿಕ್ಕಿನಲ್ಲಿ ಮಿಂಚಿತು. ಬೆಳಿಗ್ಗೆ ಮೆಸೇಜ್: ಹೊಂಗಡಹಳ್ಳ 22.9 ಮಿ.ಮೀ., 0.90 ಇಂಚು. ಇಲ್ಲಿ ಒಂದು ಹನಿಯೂ ಇಲ್ಲ, ಅಲ್ಲಿ ಹೂಮಳೆ.

"ಗುಡುಗೇ ಕೇಳ್ಲಿಲ್ಲ, ತೊಂಬತ್ ಸೆಂಟು ಎಲ್ಲಿಂದ ಬತ್ತೇ?" ಎಂದರು ಅಮ್ಮ.

"ಅಳತೆ ಅಳತೆಯೇ ಅಮ್ಮ."

ಮಧ್ಯಾಹ್ನ ಅಖ್ತರುನ್ನೀಸಾ ಅವರ ಫೋನು. ಪಂಪಿನ ಸರದಿಯನ್ನು ಪಕ್ಕದವರಿಗೆ ಬಿಟ್ಟುಕೊಟ್ಟೆ ಎಂದರು. "ತೊಂಬತ್ತು ಬಂದ್ಮೇಲೆ ನೀರು ಹಿಡ್ಕೊಂಡು ಕೂರೋದು ಪಾಪ ಕಣ್ರೀ. ಅವ್ರ ಗಿಡಾನೂ ಗಿಡಾನೇ ಅಲ್ವ? ಹೂ ಬಿಟ್ಟಾಗ ನೀವು ಬರ್ಬೇಕು. ನಾನೂ ಹ್ಯಾಗಾದ್ರೂ ಮಾಡಿ ಬಸ್ ಹತ್ತೀನಿ."

ಬರುತ್ತೇನೆ ಎಂದೆ. ಹೀಗೆ ಒಬ್ಬರ ಮಳೆ ಇನ್ನೊಬ್ಬರಿಗೆ ನೀರಾಗಲಿ ಎಂದೇ ಅಲ್ಲವೇ ಸೆಂಟು ಬರೆದದ್ದು. ಮಾನಸಾಗೆ ಇದನ್ನು ಹೇಳಬೇಕೆನ್ನಿಸಿತು. ನಂಬರು ಒತ್ತಲಿಲ್ಲ.

ಮಾರ್ಚ್ 21. ಮಳೆ: ಇಲ್ಲ.

ಹೂ ಇಲ್ಲ.

ಮಳೆಯಾಗಿ ಎಂಟೊಂಬತ್ತು ದಿನಕ್ಕೆ ಬೆಳ್ಳಗಾಗಬೇಕು. ಅಖ್ತರುನ್ನೀಸಾ ಅವರು ತಿಳಿ ಹಸಿರು ಸೀರೆ ಉಟ್ಟು, ಡಬ್ಬಿಯಲ್ಲಿ ನನಗೆಂದು ಶ್ಯಾವಿಗೆ ತಂದಿದ್ದರು. ಬಸ್ಸಿಳಿದು ಗೇಟು ತೆಗೆದು ನಿಂತೆವು. ಗಿಡಗಳು ಮಳೆಗೆ ಮೊದಲು ಹೇಗಿರುತ್ತವೋ ಹಾಗೇ ಇದ್ದವು. ಅವರು ಒಂದು ರೆಂಬೆ ಹಿಡಿದು ಮೊಗ್ಗು ಮುಟ್ಟಿ ನೋಡಿದರು. ಗಟ್ಟಿಯಾಗಿ, ಕಂದಾಗಿ, ಕೆಲವು ತುದಿಯಲ್ಲಿ ಕೆಂಪಗೆ.

"ತಡ ಆಗಿರ್ಬೇಕು" ಎಂದರು. ಆಮೇಲೆ, "ನೆರಳು ಜಾಸ್ತಿ ಆಯ್ತೇನೋ" ಎಂದರು. ತಮ್ಮದೇ ತಪ್ಪು ಹುಡುಕುತ್ತಿದ್ದರು.

ಬೇಲಿಯಾಚೆ ಕೆಂಚಯ್ಯನವರು ಬಂದರು. "ಏನ್ರವ್ವ, ಹೂವ ನೋಡಾಕ್ ಬಂದ್ರಾ? ಹೂವೆಲ್ಲೈತೆ?"

"ಹೋದ ವಾರ ಮಳೆ ಬಂತಲ್ಲ" ಎಂದೆ.

"ಅದ್ಯಾವ ಮಳೆ ಮಾರಾಯ್ತಿ! ನಾಯಿ ಮೈ ಕೊಡವಿದಂಗಿತ್ತು. ಒಂಬತ್ತು ಸೆಂಟಿಗೆ ಕಾಫಿ ಹೂವ ಬಿಟ್ಟೀತಾ?"

ಒಂಬತ್ತು.

ಅಲ್ಲೇ ನನಗೆ ಎಲ್ಲ ಗೊತ್ತಾಯಿತು. ಅವರು 0.9 ಎಂದು ಕಳಿಸಿದ್ದಾರೆ. ಅದನ್ನು ಒಂಬತ್ತು ಎಂದು ಓದುತ್ತಿದ್ದ ಸಾಲು ಈಗಿಲ್ಲ. ವ್ಯಕ್ತಿಗಳ ಹೆಸರಿರುವ ಭಾಗ ತೆಗೆಯಬೇಕೆಂದು ಕಂಪನಿಯವರು ಹೇಳಿದರು, ನಾನು ಒಪ್ಪಿದೆ. ಈಗ ಮನೆಗೆ ಬಂದು ಆ ದಿನದ ಪುಟ ತಿರುಗಿಸಿ ನೋಡಿದೆ. 'ಅದು ನ್ಯಾಯವೇ' ಎಂದು ಬರೆದಿದ್ದೇನೆ. ವಾಡಿಕೆ ಎಂಬ ಹೆಸರನ್ನು ಕೂಡ ಬರೆದಿಲ್ಲ.

ಅಖ್ತರುನ್ನೀಸಾ ಅವರಿಗೆ ಅಲ್ಲೇ ಹೇಳಿದೆ: ಮೆಸೇಜ್ ತಪ್ಪು, ತಪ್ಪು ನನ್ನದು. ಅವರು ಕೆರೆಯಾಚೆ ನೋಡಿದರು. ಸ್ಪ್ರಿಂಕ್ಲರ್ ಬಿದ್ದ ಪಕ್ಕದವರ ತೋಟ ಬೆಳ್ಳಗಿತ್ತು. ವಾಸನೆ ಈಚೆಗೂ ಬರುತ್ತಿತ್ತು.

"ಅವ್ರಿಗಾದ್ರೂ ಆಯ್ತಲ್ಲ" ಎಂದರು. ಶ್ಯಾವಿಗೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅದನ್ನು ತೆಗೆದುಕೊಂಡು ಬಂದಿದ್ದೇನೆ. ಅಡುಗೆಮನೆಯಲ್ಲಿದೆ.

ಮಾರ್ಚ್ 22. ಮಳೆ: ಇಲ್ಲ.

ನನ್ನ ಕೈಯಲ್ಲಿ ಅರ್ಧ ಗಂಟೆಯ ಕೆಲಸ. ಒಂದು ಸಾಲು. ಹಿಂದಾಗಿದ್ದರೆ ಕಾಫಿ ಆರುವುದರೊಳಗೆ ತಿದ್ದಿ, ಮಾನಸಾಗೆ ಒಮ್ಮೆ ತೋರಿಸಿ ಮುಗಿಸುತ್ತಿದ್ದೆ. ಈಗ ಆ ಸಾಲು ಎಲ್ಲಿದೆ ಎಂದು ನೋಡಲೂ ನನಗೆ ಅನುಮತಿಯಿಲ್ಲ.

ಅಭಿಷೇಕ್‌ಗೆ ಫೋನ್ ಮಾಡಿದೆ. ನಿಜವಾಗಿಯೂ ಬೇಸರಪಟ್ಟರು. ದೂರನ್ನು ದಾಖಲಿಸಿಕೊಂಡು ಒಂದು ಸಂಖ್ಯೆ ಕೊಟ್ಟರು.

"ಆದರೆ ಮ್ಯಾಮ್, 0.9 ಅಂದರೆ 0.90 ಅಲ್ವಾ? ತಪ್ಪು ಇನ್‌ಪುಟ್ ಕಡೆಯದು. ಅವರು ಸರಿಯಾಗಿ ಕಳಿಸಲಿ ಅಂತ ಹೇಳಬಹುದಾ?"

"ಅವರು ನಲವತ್ತು ವರ್ಷದಿಂದ ಹಾಗೇ ಬರೆಯುತ್ತಿದ್ದಾರೆ."

"ಅರ್ಥ ಆಗುತ್ತೆ ಮ್ಯಾಮ್. ನಾವೀಗ 2.9 ನೇ ಆವೃತ್ತಿಯಲ್ಲಿದ್ದೇವೆ. 2.10 ಬಂದಾಗ ಪರಿಶೀಲಿಸ್ತೀವಿ."

ನನಗೆ ನಗು ಬಂತು. ಎರಡು ಚುಕ್ಕಿ ಒಂಬತ್ತು ಆದ ಮೇಲೆ ಎರಡು ಚುಕ್ಕಿ ಹತ್ತು. ಸಾಫ್ಟ್‌ವೇರಿನವರೆಲ್ಲ ಹಾಗೇ ಎಣಿಸುತ್ತಾರೆ, ನಾನೂ ಸಹ. ಚುಕ್ಕಿ ಅಂದರೆ ದಶಾಂಶವಲ್ಲ, ಒಂದು ಮುಗಿದು ಇನ್ನೊಂದು ಶುರುವಾಗುವ ಜಾಗ. ಅದನ್ನೇ ಅವರಿಗೆ ಹೇಳಿದೆ. "ಇಂಟರೆಸ್ಟಿಂಗ್ ಮ್ಯಾಮ್" ಎಂದರು. 2.10 ಮೇ ತಿಂಗಳಲ್ಲಿ ಬರುತ್ತದೆ.

ಮಾರ್ಚ್ 23. ಮಳೆ: ಇಲ್ಲ.

ಮಾನಸಾಗೆ ಕೊನೆಗೂ ಫೋನ್ ಮಾಡಿದೆ. 'ನಾನು ಹೇಳಿರಲಿಲ್ಲವೇ' ಎನ್ನಬಹುದೆಂದು ಕಾದೆ. ಅನ್ನಲಿಲ್ಲ.

"ಹಳೇ ಕೋಡ್ ನನ್ನ ಹತ್ರ ಪೂರ್ತಿ ಇದೆ ಅಕ್ಕ. ನೆಂಟರ ಪಟ್ಟಿ ಸಮೇತ. ನಾಳೆ ಬೆಳಿಗ್ಗೆ ನಡೆಸಬಹುದು."

"ಯಾರಿಗೆ ಕಳಿಸುವುದು?"

ಕೋಡ್ ನಮ್ಮದು, ಜನರ ಪಟ್ಟಿ ಅವರದು. ಕೆಂಚಯ್ಯನವರ ಬೆರಳಿಗೆ ರೂಢಿಯಾದ ನಂಬರು ಅವರದು. ಕಳಿಸುವ ಅನುಮತಿ ನಮಗೆ ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಮೇಲಾಗಿ ಮೂರು ವರ್ಷದ ಷರತ್ತು. ಸ್ವಾತಂತ್ರ್ಯ ಪೂರ್ತಿ ಇದೆ, ಕಾಲಿಡಲು ಜಾಗವಿಲ್ಲ.

"ನಾನೂ ಒಂದು ವಿಷ್ಯದಲ್ಲಿ ತಪ್ಪಿದೆ" ಎಂದಳು ಮಾನಸಾ. "ಲೈಸೆನ್ಸ್, ಲೈಸೆನ್ಸ್ ಅಂತಲೇ ಹಿಡ್ಕೊಂಡೆ. ಸಂಘದ ಕಾಗದ ನಾನೇ ಓಡಾಡಿ ಮಾಡಿಸಬಹುದಿತ್ತು. ಬೇಜಾರಾಯ್ತು, ಬಿಟ್ಟೆ."

ಇಬ್ಬರೂ ಸರಿಯಾಗಿದ್ದೆವು, ಇಬ್ಬರೂ ಬಿಟ್ಟೆವು.

ಮಾರ್ಚ್ 25. ಮಳೆ: ಇಲ್ಲ.

ಪಂಪು ಕೇಳಲು ಹೋಗಿದ್ದೆ. ಸರದಿ ಏಪ್ರಿಲ್‌ವರೆಗೆ ಹಂಚಿಹೋಗಿದೆ. ಕೆರೆಯೂ ತಳ ಕಾಣುತ್ತಿದೆ. ಪಕ್ಕದವರು ಮುಖ ಕೊಟ್ಟು ಮಾತಾಡಲಿಲ್ಲ. ಅವರ ತಪ್ಪೂ ಇಲ್ಲ.

ವಾಪಸು ಬರುತ್ತಾ ಕೆಂಚಯ್ಯನವರು ಕೂರುವ ಎಸ್ಟೇಟಿನ ಸ್ಟೋರಿಗೆ ಹೋದೆ. ಒಂಬತ್ತು ಸೆಂಟಿಗೆ 0.09 ಎಂದು ಕಳಿಸುತ್ತೀರಾ ಎಂದು ಕೇಳಿದೆ.

"ಮುಂದ್ಕೊಂದು ಸೊನ್ನೆ ಯಾಕವ್ವ? ಮೊದ್ಲೇ ಬರದ ಮಳೆ, ಅದ್ಕಿನ್ನೊಂದು ಸೊನ್ನೆ ಬೇರೆ."

"ಹೊಸ ಮೆಷಿನ್‌ಗೆ ಹಾಗೆ ಬರೆದರೆ ಮಾತ್ರ ಅರ್ಥವಾಗುತ್ತದೆ."

"ಹಳೇದಕ್ಕೆ ಅರ್ಥ ಆಯ್ತಿತ್ತಲ್ಲ? ನೀನೇ ಅಲ್ವೇನವ್ವ ಬಂದು ಇಲ್ಲೇ ಕೂತ್ಕಂಡು, 'ನೀವು ಹೆಂಗ್ ಬರೀತೀರೋ ಹಂಗೇ ಬರೀರಿ ಕೆಂಚಯ್ಯ, ನಾನು ನೋಡ್ಕತೀನಿ' ಅಂದಿದ್ದು?"

ಹೌದು, ನಾನೇ.

"ಆಯ್ತು ಬುಡು, ನಿನ್ ಮಾತಿಗೆ ಬರೀತೀನಿ" ಎಂದರು.

ಇನ್ನು ಭಾನುವಾರದ್ದನ್ನು ಸೋಮವಾರಕ್ಕೆ ಸೇರಿಸುವವರ ಮನೆಗೆ ಹೋಗಬೇಕು. ಮೆಸೇಜೇ ಕಳಿಸದವರ ಮನೆಗೆ ಹೋಗಬೇಕು. ಎಲ್ಲರನ್ನೂ ಪ್ರೋಗ್ರಾಂಗೆ ಬಗ್ಗಿಸಬೇಕು.

ಮಾರ್ಚ್ 29. ಮಳೆ: ಇಲ್ಲ.

ಪ್ರವೀಣ್ ಫೋನ್ ಮಾಡಿದ್ದ. "ಅಕ್ಕ, ಕಂಪನಿ ಕೆಲ್ಸ ಬುಟ್ಬಿಡ್ಲಾ?" ಎಂದು ಕೇಳಿದ. ಬಿಟ್ಟರೆ ಏನಾಗುತ್ತದೆ ಎಂದೆ. "ಏನೂ ಆಗಲ್ಲ. ಬೇರೆಯೋನ್ ಬತ್ತಾನೆ. ಅವ್ನಿಗೆ ಕೆಂಚಯ್ಯ ಯಾರು ಅಂತ್ಲೂ ಗೊತ್ತಿರಲ್ಲ." ಇರು ಎಂದೆ.

ಏಪ್ರಿಲ್ 1.

ಬರೆಯುವುದಕ್ಕೆ ಏನೂ ಇಲ್ಲ. ಸೆಖೆ.

ಏಪ್ರಿಲ್ 5. ಮಳೆ: ಒಂದು ಇಂಚು ಹನ್ನೆರಡು ಸೆಂಟು.

ನಿನ್ನೆ ಸಂಜೆ ಎಲ್ಲ ಕಡೆ ಹೊಯ್ಯಿತು. ಬೆಳಿಗ್ಗೆ ಅಮ್ಮನೇ ಗೇಜು ನೋಡಿ ಬಂದು ಅಳತೆ ಕೂಗಿದರು.

ಮೆಸೇಜ್ ಬಂತು: ಹೊಂಗಡಹಳ್ಳ 35.6 ಮಿ.ಮೀ., 1.40 ಇಂಚು. ಕೆಂಚಯ್ಯನವರಿಗೆ ಫೋನ್ ಮಾಡಿದೆ. "ಒಂದಿಂಚು ನಾಲ್ಕ್ ಸೆಂಟು" ಎಂದರು. ಏನೆಂದು ಕಳಿಸಿದಿರಿ ಎಂದು ಕೇಳಿದ್ದಕ್ಕೆ ಲೊಚಗುಟ್ಟಿದ್ದು ಕೇಳಿಸಿತು. "ಸೊನ್ನೆ ಮರ್ತೇಬುಟ್ಟೆ ಕಣವ್ವ. ತಲೆ ಒಪ್ತದೆ, ಕೈ ಒಪ್ಪಲ್ಲ."

ಅಖ್ತರುನ್ನೀಸಾ ಅವರ ಮೊಗ್ಗು ಅರ್ಧಕ್ಕಿಂತ ಹೆಚ್ಚು ಉದುರಿದೆ. ಈ ಮಳೆ ಉಳಿದದ್ದಕ್ಕೆ ಮಾತ್ರ. ಆದರೂ ಅದರ ಮೇಲೆ ಇನ್ನೊಂದು ನೀರು ಬೇಕೋ ಬೇಡವೋ ಎನ್ನುವುದು ಈ ಅಳತೆಯ ಮೇಲೆಯೇ ನಿಂತಿದೆ. ಅವರಿಗೆ ಫೋನ್ ಮಾಡಿದೆ.

"ಬಂತು ನೇತ್ರಮ್ಮ, ಮೆಸೇಜ್ ಬಂತು. ಒಂದಿಂಚು ನಲ್ವತ್ತು ಅಂತೆ."

"ಅಲ್ಲ. ನಲವತ್ತಲ್ಲ, ನಾಲ್ಕು. ಈಗಷ್ಟೇ ಕೆಂಚಯ್ಯನವರನ್ನು ಕೇಳಿದೆ. ಇನ್ನು ಮೇಲೆ ಮಳೆ ಬಂದಾಗಲೆಲ್ಲ ನಾನೇ ಫೋನ್ ಮಾಡಿ ಹೇಳುತ್ತೇನೆ. ಮೆಸೇಜ್ ನಂಬಬೇಡಿ, ನಾನು ಹೇಳಿದ್ದನ್ನು ನಂಬಿ."

ಅವರಿಗೆ ಕೋಪವಿರಲಿಲ್ಲ; ಮಗ್ಗಿ ತಪ್ಪಿದ ಮಗುವಿನ ಹಾಗೆ ಯೋಚಿಸುತ್ತಿದ್ದರು.

"ಮೆಸೇಜ್ ಕೆಳಗೂ ನಿಮ್ಮ ಹೆಸ್ರೇ ಐತಲ್ಲ ನೇತ್ರಮ್ಮ" ಎಂದರು.

"ಹೌದು" ಎಂದೆ.

ಬೇರೆ ಏನು ಹೇಳಬಹುದಿತ್ತೆಂದು ಯೋಚಿಸಲು ಇಲ್ಲಿ ಕೂತಿದ್ದೇನೆ. ಇಂಗ್ಲಿಷಿನಲ್ಲಿ ನಾಲ್ಕೈದು ವಾಕ್ಯ ಬಂದವು. ಬರೆಯಲಿಲ್ಲ.